ಮಂಗಳೂರು ಪೇಟೆಯಲ್ಲಿ ರಾತ್ರಿಯಿಡೀ ಬೈಕ್ ನಿಲ್ಲಿಸುವುದು ಹೇಗೆ: ಜಾಗ, ದರ, ಬೀಗ, ಚೀಟಿಯ ಸಮಗ್ರ ಮಾರ್ಗದರ್ಶಿ

ಹತ್ತು ಗಂಟೆಗೆ ಜ್ಯೋತಿ ಸ್ಟಾಪಿನಲ್ಲಿ ಬೆಂಗಳೂರು ಬಸ್ಸು. ಒಂಬತ್ತೂವರೆಗೆ ಬ್ಯಾಗು ಬೆನ್ನಿಗೇರಿಸಿಕೊಂಡು ಬೈಕಿಗೆ ಜಾಗ ಹುಡುಕಲು ಹೊರಡುವವರು ಪ್ರತಿ ಶುಕ್ರವಾರ ಸಿಗುತ್ತಾರೆ. ಆ ಹೊತ್ತಿಗೆ ಪೇಟೆಯ ಅರ್ಧ ಗೇಟುಗಳು ಮುಚ್ಚಿರುತ್ತವೆ. ಕೊನೆಗೆ ಯಾವುದೋ ಅಂಗಡಿಯ ಮುಂದೆ, ಮರದ ಬುಡದಲ್ಲಿ, ಹ್ಯಾಂಡಲ್ ಲಾಕ್ ಹಾಕಿ ಓಡುವುದು. ಸೋಮವಾರ ಬಂದು ನೋಡಿದರೆ ಗಾಡಿ ಟೋಯಿಂಗ್ ಆಗಿರುತ್ತದೆ, ಇಲ್ಲವೇ ಕನ್ನಡಿ ಮುರಿದಿರುತ್ತದೆ.

ಪೇ ಪಾರ್ಕಿಂಗ್‌ಗೆ ಹೋದವರೂ ಬಹಳಷ್ಟು ಮಂದಿ ಎಡವುವುದು ಮೊದಲ ಪ್ರಶ್ನೆಯಲ್ಲೇ. "ಎಷ್ಟಾಗ್ತದೆ?" ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು "ಗೇಟು ಎಷ್ಟು ಗಂಟೆಗೆ ಹಾಕ್ತೀರಿ, ಬೆಳಿಗ್ಗೆ ಎಷ್ಟಕ್ಕೆ ತೆಗೀತೀರಿ?" ಎಂದು. ಐದು ರೂಪಾಯಿ ಕಡಿಮೆಗೆ ಸಿಕ್ಕಿದ ಜಾಗದ ಗೇಟು ಬೆಳಿಗ್ಗೆ ಒಂಬತ್ತರವರೆಗೆ ತೆರೆಯದಿದ್ದರೆ, ಆರಕ್ಕೆ ಬಸ್ಸಿಳಿದವರು ಆಟೋಗೆ ಕೊಡುವ ಹಣದಲ್ಲಿ ಆ ಉಳಿತಾಯ ಹತ್ತು ಸಲ ಕರಗುತ್ತದೆ. ಹಾಗಾಗಿ ಕೆಳಗಿನ ಕ್ರಮದಲ್ಲಿ ದರ ಬರುವುದು ಸ್ವಲ್ಪ ತಡವಾಗಿ.

ಕೈಯಲ್ಲಿ ಇರಬೇಕಾದದ್ದು

ಒಂದು ಡಿಸ್ಕ್ ಲಾಕ್ (ಡಿಸ್ಕ್ ಬ್ರೇಕಿನ ತಟ್ಟೆಗೆ ಹಾಕುವ ಬೀಗ), ಅದರ ಜತೆ ನೆನಪಿಗೆಂದು ಹ್ಯಾಂಡಲ್‌ಗೆ ಸಿಕ್ಕಿಸುವ ಬಣ್ಣದ ಸುರುಳಿ ತಂತಿ. ಸಾಧ್ಯವಾದರೆ ದಪ್ಪ ಸರಪಳಿ ಮತ್ತು ಬೀಗ. ಸೈಡ್ ಸ್ಟ್ಯಾಂಡ್ ಅಡಿಗೆ ಇಡಲು ಅಂಗೈ ಅಗಲದ ಮರದ ತುಂಡು ಅಥವಾ ದಪ್ಪ ಪ್ಲಾಸ್ಟಿಕ್ ಹಲಗೆ. ಗಾಳಿ ಆಡುವ ಬೈಕ್ ಕವರ್. ಒಂದು ಒಣ ಬಟ್ಟೆ. ಚಿಲ್ಲರೆ ಹಣ, ಏಕೆಂದರೆ ಬೆಳಗಿನ ಜಾವ ಚೀಟಿ ನೋಡುವವರ ಬಳಿ ಚಿಲ್ಲರೆಯೂ ಇರುವುದಿಲ್ಲ, ಫೋನಿನಲ್ಲಿ ಹಣ ತೆಗೆದುಕೊಳ್ಳುವ ವ್ಯವಸ್ಥೆಯೂ ಕೆಲವೊಮ್ಮೆ ಇರುವುದಿಲ್ಲ. ಆರ್‌ಸಿ ಮತ್ತು ವಿಮೆ ಡಿಜಿಲಾಕರ್‌ನಲ್ಲಿರಲಿ. ಕಾಗದದ ಪ್ರತಿಯನ್ನು ಸೀಟಿನಡಿ ಬಿಟ್ಟು ಹೋಗಬೇಡಿ.

ಹಂತ 1: ಮೊದಲು ಗಂಟೆ ಲೆಕ್ಕ ಹಾಕಿ

"ಎರಡು ರಾತ್ರಿ", "ಮೂರು ದಿನ" ಎಂಬ ಲೆಕ್ಕ ಪಾರ್ಕಿಂಗ್‌ನವರ ಬಳಿ ನಡೆಯುವುದಿಲ್ಲ. ಇಟ್ಟ ಗಂಟೆಯಿಂದ ತೆಗೆಯುವ ಗಂಟೆಯವರೆಗೆ ಒಟ್ಟು ಎಷ್ಟು ಗಂಟೆ ಎಂದು ಬರೆದುಕೊಳ್ಳಿ. ಶುಕ್ರವಾರ ರಾತ್ರಿ 9ಕ್ಕೆ ಇಟ್ಟು ಸೋಮವಾರ ಬೆಳಿಗ್ಗೆ 6ಕ್ಕೆ ತೆಗೆದರೆ 57 ಗಂಟೆ. ಇನ್ನು ದರಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿರುತ್ತವೆ: 12 ಗಂಟೆಯ ಲೆಕ್ಕ, 24 ಗಂಟೆಯ ಲೆಕ್ಕ, ತಾರೀಖಿನ ಲೆಕ್ಕ. ಮೂರನೆಯದರಲ್ಲಿ ರಾತ್ರಿ ಹನ್ನೆರಡು ದಾಟಿದರೆ ಹೊಸ ದಿನ, ಹೊಸ ಹಣ.

ಲೆಕ್ಕ ತಿಳಿಯಲು ಸುಮ್ಮನೆ ಅಂಕಿ ಹಿಡಿದು ನೋಡೋಣ. 12 ಗಂಟೆಗೆ 15 ರೂಪಾಯಿ ಎಂದಾದರೆ 57 ಗಂಟೆಗೆ ಐದು ಕಂತು, 75 ರೂಪಾಯಿ. 24 ಗಂಟೆಗೆ 25 ಎಂದಾದರೆ ಮೂರು ಕಂತು, ಅದೂ 75. ತಾರೀಖಿಗೆ 20 ಎಂದಾದರೆ ಶುಕ್ರ, ಶನಿ, ಭಾನು, ಸೋಮ ಸೇರಿ 80. ಎಲ್ಲವೂ ಒಂದೇ ಎನಿಸುತ್ತದೆ. ಈಗ ಬಸ್ಸು ಐದು ಗಂಟೆ ತಡವಾಗಿ 11ಕ್ಕೆ ಬಂತು ಎಂದುಕೊಳ್ಳಿ. ಒಟ್ಟು 62 ಗಂಟೆ. 12 ಗಂಟೆಯ ಜಾಗದಲ್ಲಿ ಆರು ಕಂತು, 90 ರೂಪಾಯಿ. ಉಳಿದೆರಡು ಕಡೆ ಒಂದು ಪೈಸೆಯೂ ಏರಲಿಲ್ಲ.

ಈ ತಡ ನಮ್ಮ ಊರಿಗೆ ಹೊಸತಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬಸ್ಸು ಚಾರ್ಮಾಡಿ ಸುತ್ತಿಕೊಂಡು ಬರಬೇಕು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಬೆಂಗಳೂರು ರೈಲುಗಳೇ ನಿಂತಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ದಾಟಿ ಹೋಗುವವರು ತಮ್ಮ ಲೆಕ್ಕಕ್ಕೆ ಕನಿಷ್ಠ ಆರು ಗಂಟೆ ಸೇರಿಸಿಕೊಂಡೇ ದರ ಹೋಲಿಸಬೇಕು. ಅಂಥ ತಿಂಗಳುಗಳಲ್ಲಿ 24 ಗಂಟೆಯ ಲೆಕ್ಕದ ಜಾಗವೇ ಒಳ್ಳೆಯದು, ಬೋರ್ಡಿನಲ್ಲಿ ಕಾಣುವ ಸಂಖ್ಯೆ ದೊಡ್ಡದಾದರೂ.

ಹಂತ 2: ಹೊರಡುವ ಜಾಗ ಬಿಡಿ, ಮರಳಿ ಇಳಿಯುವ ಜಾಗ ನೋಡಿ

ಹೋಗುವಾಗ ಬಿಡಲು ಯಾರಾದರೂ ಸಿಗುತ್ತಾರೆ. ಬರುವಾಗ ಬೆಳಗಿನ ಜಾವ ಯಾರೂ ಇರುವುದಿಲ್ಲ. ಆದ್ದರಿಂದ ಬೈಕ್ ಇರಬೇಕಾದದ್ದು ನೀವು ಇಳಿಯುವ ಕಡೆ.

ಕೆಎಸ್‌ಆರ್‌ಟಿಸಿ ಬಸ್ಸಾದರೆ ಬಿಜೈಯ ನಿಲ್ದಾಣ. ಖಾಸಗಿ ಬಸ್ಸಾದರೆ ಪಂಪ್‌ವೆಲ್, ಜ್ಯೋತಿ, ಬಂಟ್ಸ್ ಹಾಸ್ಟೆಲ್ ಕಡೆ ಎಲ್ಲಿ ಇಳಿಸುತ್ತಾರೆ ಎಂಬುದನ್ನು ಟಿಕೆಟ್ ಮಾಡುವಾಗಲೇ ನೋಡಿ. ಹತ್ತುವ ಜಾಗ ಮತ್ತು ಇಳಿಯುವ ಜಾಗ ಒಂದೇ ಆಗಿರಬೇಕೆಂದಿಲ್ಲ. ರೈಲಿನವರು ಇದರಲ್ಲಿ ಇನ್ನೂ ಹೆಚ್ಚು ಮೋಸ ಹೋಗುತ್ತಾರೆ. ಮಲಬಾರ್, ಮಾವೇಲಿ ಹೊರಡುವುದು ಮಂಗಳೂರು ಸೆಂಟ್ರಲ್‌ನಿಂದ. ಕೊಂಕಣ ಮಾರ್ಗದಲ್ಲಿ ಕೇರಳಕ್ಕೆ ಹಾದುಹೋಗುವ ನೇತ್ರಾವತಿ, ಮಂಗಳಾ ಲಕ್ಷದ್ವೀಪ ನಿಲ್ಲುವುದು ಪಡೀಲ್ ಕಡೆಯ ಮಂಗಳೂರು ಜಂಕ್ಷನ್‌ನಲ್ಲಿ, ಅವು ಸೆಂಟ್ರಲ್‌ಗೆ ಬರುವುದೇ ಇಲ್ಲ. ಸೆಂಟ್ರಲ್‌ನಲ್ಲಿ ಬೈಕ್ ಇಟ್ಟು ಹೋದವರು ಮುಂಬಯಿಯಿಂದ ಬರುವಾಗ ಜಂಕ್ಷನ್‌ನಲ್ಲಿ ಇಳಿದರೆ, ನಡುವಿನ ಐದಾರು ಕಿಲೋಮೀಟರಿಗೆ ಆಟೋ ಹಿಡಿಯಬೇಕು. ರಾತ್ರಿ 10ರಿಂದ ಬೆಳಗಿನ 5ರವರೆಗೆ ಆಟೋ ಬಾಡಿಗೆ ಒಂದೂವರೆ ಪಟ್ಟು. ಎರಡು ರಾತ್ರಿಯ ಪಾರ್ಕಿಂಗ್ ಹಣ ಅಲ್ಲೇ ಹೋಯಿತು.

ಹಂತ 3: ಯಾವ ಬಗೆಯ ಜಾಗ

ರೈಲು ನಿಲ್ದಾಣದ ಪಾರ್ಕಿಂಗ್. ಸೆಂಟ್ರಲ್ ನಿಲ್ದಾಣದಿಂದ ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್ ಎರಡಕ್ಕೂ ನಡೆದೇ ಹೋಗಬಹುದು, ಹಾಗಾಗಿ ಪೇಟೆಯಲ್ಲಿ ರಾತ್ರಿ ಕೆಲಸ ಇರುವವರಿಗೂ ಇದು ಮೊದಲು ವಿಚಾರಿಸಬೇಕಾದ ಕಡೆ. ರೈಲುಗಳು ರಾತ್ರಿಯೂ ಬಂದು ಹೋಗುವುದರಿಂದ ಜನ, ಬೆಳಕು, ಪೊಲೀಸರು ಎಲ್ಲ ಇರುತ್ತಾರೆ. ಇದನ್ನು ನಡೆಸುವುದು ಗುತ್ತಿಗೆದಾರರು. ಗುತ್ತಿಗೆ ಬದಲಾದಾಗ ದರವೂ ಬದಲಾಗುತ್ತದೆ. ಹೋದ ವರ್ಷದ ಚೀಟಿ ನೋಡಿ ಲೆಕ್ಕ ಹಾಕಬೇಡಿ. ಹೆಲ್ಮೆಟ್ ಇಟ್ಟುಕೊಳ್ಳಲು ಬೇರೆ ಹಣ ಕೇಳುವುದುಂಟು.

ಬಸ್ ನಿಲ್ದಾಣದ ಪಾರ್ಕಿಂಗ್. ಬಿಜೈಯಲ್ಲಿ ಇಳಿಯುವವರಿಗೆ ಇದಕ್ಕಿಂತ ಸರಿಯಾದದ್ದಿಲ್ಲ. ಶುಕ್ರವಾರ ಸಂಜೆ, ಹಬ್ಬದ ಮುನ್ನಾದಿನ ತುಂಬಿರುತ್ತದೆ. ಬಸ್ಸಿಗಿಂತ ಒಂದು ಗಂಟೆ ಮೊದಲು ಅಲ್ಲಿರಿ.

ಖಾಸಗಿ ಪೇ ಪಾರ್ಕಿಂಗ್. ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆ, ರಥಬೀದಿ ಆಸುಪಾಸಿನಲ್ಲಿ ಖಾಲಿ ನಿವೇಶನಗಳಲ್ಲಿ, ಕಟ್ಟಡಗಳ ನೆಲಮಾಳಿಗೆಗಳಲ್ಲಿ ನಡೆಯುವಂಥವು. ಇವು ಅಂಗಡಿಗೆ ಬರುವವರಿಗಾಗಿ ಇರುವುದು, ರಾತ್ರಿಯವರಿಗಾಗಿ ಅಲ್ಲ. ಅಂಗಡಿ ಮುಚ್ಚಿದ ಮೇಲೆ ಗೇಟು ಎಳೆದು ಬೀಗ ಹಾಕುವುದೇ ರೂಢಿ. ಗಾಡಿ ಒಳಗೆ ಭದ್ರವಾಗಿರುತ್ತದೆ ನಿಜ. ಆದರೆ ಅದನ್ನು ತೆಗೆಯುವ ಹೊತ್ತು ನಿಮ್ಮ ಕೈಯಲ್ಲಿಲ್ಲ. ಭಾನುವಾರ ಪೂರ್ತಿ ಮುಚ್ಚಿರುವ ಜಾಗಗಳೂ ಇವೆ. ಶನಿವಾರ ರಾತ್ರಿ ಇಡುವವರು ಇದನ್ನು ಕೇಳದೆ ಇಡಲೇಬಾರದು.

ಮಾಲ್ ಮತ್ತು ಆಸ್ಪತ್ರೆ. ಮಾಲ್‌ನಲ್ಲಿ ಗಂಟೆ ಲೆಕ್ಕದ ದರ ಏರುತ್ತಲೇ ಹೋಗುತ್ತದೆ, ರಾತ್ರಿ ಬಿಟ್ಟ ಗಾಡಿಗೆ ಬೇರೆಯೇ ದಂಡವಿರಬಹುದು. ರಾತ್ರಿ ನಿಲ್ಲಿಸಲು ಮಾಲ್ ಬೇಡ. ಆಸ್ಪತ್ರೆಯ ಜಾಗ ರೋಗಿಗಳ ಕಡೆಯವರದ್ದು. ನಿಮ್ಮವರು ಒಳಗೆ ದಾಖಲಾಗಿದ್ದರೆ ಪಾಸ್ ತೋರಿಸಿ, ಎಷ್ಟು ದಿನ ಎಂದು ಕಾವಲಿನವರಿಗೆ ಹೇಳಿ ಇಡಿ. ಅಲ್ಲದಿದ್ದರೆ ಆಂಬುಲೆನ್ಸ್ ಓಡಾಡುವ ಕಡೆ ಮುಫತ್ ಜಾಗ ಎಂದು ಬೈಕ್ ತುರುಕಬೇಡಿ.

ಲಾಡ್ಜ್. ನೀವು ಪೇಟೆಗೆ ಬಂದು ಒಂದು ರಾತ್ರಿ ತಂಗುವವರಾದರೆ ಕೋಣೆ ಗೊತ್ತುಮಾಡುವ ಮೊದಲೇ "ಬೈಕ್ ಒಳಗೆ ಇಡ್ಲಿಕ್ಕೆ ಜಾಗ ಉಂಟಾ, ಹೊರಗೆ ರಸ್ತೆಯಲ್ಲಾ?" ಎಂದು ಬಿಡಿಸಿ ಕೇಳಿ. "ಪಾರ್ಕಿಂಗ್ ಉಂಟು" ಎಂಬ ಉತ್ತರಕ್ಕೆ ರಸ್ತೆಬದಿ ಎಂಬ ಅರ್ಥವೂ ಇರುತ್ತದೆ. ನೂರು ರೂಪಾಯಿ ಹೆಚ್ಚಾದರೂ ಕಂಪೌಂಡ್ ಇರುವ ಲಾಡ್ಜ್ ಕೊನೆಗೆ ಅಗ್ಗ.

ರಸ್ತೆಬದಿ. ಹಣ ಕೊಡಬೇಕಿಲ್ಲ ಎಂಬುದೊಂದೇ ಇದರ ಗುಣ. ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ಯಾರೂ ಇಲ್ಲದೆ ನಿಂತ ವಾಹನವನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಬಹುದು. ಎಳೆದೊಯ್ದ ಖರ್ಚು ದಂಡದ ಮೇಲೆ ಹೆಚ್ಚುವರಿ, ಅದೂ ಮಾಲೀಕರದ್ದೇ. ರಾತ್ರಿ 9ಕ್ಕೆ ಇಟ್ಟು ಬೆಳಿಗ್ಗೆ 7ಕ್ಕೆ ಬಂದರೆ ಸರಿಯಾಗಿ 10 ಗಂಟೆ ಆಯಿತು, ಲೆಕ್ಕ ಹಾಕಿ ನೋಡಿ. ನೋ ಪಾರ್ಕಿಂಗ್ ಜಾಗವಾದರೆ ಹತ್ತು ಗಂಟೆಯ ಮಾತೇ ಇಲ್ಲ, ಆಗಲೇ ಎತ್ತಬಹುದು. ಬೋರ್ಡು ಓದಲು ಒಂದು ಸೂಚನೆ: ನೀಲಿ ವೃತ್ತದ ಮೇಲೆ ಒಂದೇ ಕೆಂಪು ಓರೆಗೆರೆ ಇದ್ದರೆ ಪಾರ್ಕಿಂಗ್ ನಿಷೇಧ, ಎರಡು ಗೆರೆ ಅಡ್ಡಹಾಯ್ದಿದ್ದರೆ ನಿಲ್ಲುವುದೇ ನಿಷೇಧ.

ರಸ್ತೆಬದಿಗೆ ಇನ್ನೊಂದು ಅಪಾಯ ಜಾತ್ರೆ, ಮೆರವಣಿಗೆ. ರಥಸಪ್ತಮಿಯ ಹೊತ್ತಿಗೆ ಕೋಡಿಯಾಲ್ ತೇರು ಎಂದರೆ ರಥಬೀದಿ ಪೂರ್ತಿ ಖಾಲಿಯಾಗಬೇಕು. ಕುದ್ರೋಳಿ ದಸರಾ ಮೆರವಣಿಗೆಯ ದಾರಿಯೂ ಹಾಗೆ. ನೆಹರೂ ಮೈದಾನದಲ್ಲಿ ದೊಡ್ಡ ಸಭೆಯಿದ್ದರೆ ಸುತ್ತಲಿನ ರಸ್ತೆಗಳಿಗೆ ಒಂದೆರಡು ದಿನದ ಮಟ್ಟಿಗೆ ಹೊಸ ನಿಷೇಧ ಬರುತ್ತದೆ, ನೀವು ಆಗ ಬೆಂಗಳೂರಿನಲ್ಲಿರುತ್ತೀರಿ. ಹೊರಡುವ ಹಿಂದಿನ ದಿನದ ಪತ್ರಿಕೆಯಲ್ಲಿ ಸಂಚಾರ ಬದಲಾವಣೆಯ ಪ್ರಕಟಣೆ ಇದೆಯೇ ಎಂದು ನೋಡಿ.

ಉಡುಪಿಯಲ್ಲಾದರೆ ವಿಷಯ ಸ್ವಲ್ಪ ಸುಲಭ, ಒಂದು ಕಡೆ ಮಾತ್ರ ಎಚ್ಚರ ಬೇಕು: ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಪೇಟೆಯ ಬಸ್ ನಿಲ್ದಾಣಗಳಿಂದ ದೂರ. ರೈಲಿನಲ್ಲಿ ಮರಳುವವರು ಪೇಟೆಯಲ್ಲಿ ಬೈಕ್ ಇಟ್ಟು ಪ್ರಯೋಜನವಿಲ್ಲ. ಪರ್ಯಾಯ ಉತ್ಸವದ ಸಮಯದಲ್ಲಿ ಕೃಷ್ಣ ಮಠದ ಸುತ್ತಮುತ್ತ ರಾತ್ರಿ ಗಾಡಿ ಬಿಡುವ ಯೋಚನೆಯೇ ಬೇಡ.

ಹಂತ 4: ಹಗಲಿನಲ್ಲೇ ಹೋಗಿ ಕೇಳಿ

ಇಡುವ ಹಿಂದಿನ ದಿನ, ಸಂಜೆ ಐದಕ್ಕೆ ಮೊದಲು ಹೋಗಿ. ಆಗ ಮೇಲ್ವಿಚಾರಕರು ಇರುತ್ತಾರೆ, ಮಾತಾಡಲು ಪುರುಸೊತ್ತೂ ಇರುತ್ತದೆ. ಕೇಳಬೇಕಾದ್ದು ಇಷ್ಟು, ಇದೇ ಕ್ರಮದಲ್ಲಿ:

"ಅಣ್ಣ, ಬೆಳಿಗ್ಗೆ ಐದೂವರೆಗೆ ಬಂದ್ರೆ ಗೇಟು ತೆಗೆದಿರ್ತದಾ?"

"ಭಾನುವಾರ ಜನ ಇರ್ತಾರಾ?"

"ಲೆಕ್ಕ ಗಂಟೆಯದ್ದಾ, ದಿನದ್ದಾ? ರಾತ್ರಿ ಹನ್ನೆರಡು ದಾಟಿದ್ರೆ ಬೇರೆ ಚಾರ್ಜಾ?"

"ಮೂರು ದಿನ ಬಿಟ್ರೆ ಒಟ್ಟು ಎಷ್ಟಾಗ್ತದೆ?"

"ಚೀಟಿ ಕಳೆದ್ರೆ ಏನು ಮಾಡ್ಬೇಕು?"

ನಾಲ್ಕನೆಯದನ್ನು ಬಿಡಬೇಡಿ. ಒಂದು ರಾತ್ರಿಯ ದರವನ್ನು ಮೂರರಿಂದ ಗುಣಿಸಿದರೆ ಬರುವ ಮೊತ್ತವೂ ಅವರು ಹೇಳುವ ಮೊತ್ತವೂ ಕೆಲವೊಮ್ಮೆ ಬೇರೆ. ಎರಡನೇ ದಿನದಿಂದ ದರ ಹೆಚ್ಚುವ ಕಡೆಗಳಿವೆ, ಹೆಚ್ಚು ದಿನಕ್ಕೆ ಕಡಿಮೆ ಮಾಡುವವರೂ ಇದ್ದಾರೆ.

ಹಿಂಜರಿಯಬೇಕಾದ ಲಕ್ಷಣಗಳು: ದರದ ಬೋರ್ಡ್ ಇಲ್ಲ. ಚೀಟಿಯಲ್ಲಿ ಯಾರ ಹೆಸರೂ ಇಲ್ಲ, ದರವೂ ಅಚ್ಚಾಗಿಲ್ಲ. "ಚೀಟಿ ಯಾಕೆ ಮಾರಾಯ್ರೆ, ನಾನೇ ಇರ್ತೇನಲ್ಲ" ಎನ್ನುತ್ತಾರೆ. ಬೆಳಿಗ್ಗೆ ಪಾಳಿ ಬದಲಾಗಿರುತ್ತದೆ, ಹೊಸಬರಿಗೆ ನಿಮ್ಮ ಗುರುತಿರುವುದಿಲ್ಲ. ಮೂಲೆಯಲ್ಲಿ ಧೂಳು ಹಿಡಿದ, ಟೈರಿನ ಗಾಳಿ ಹೋದ ಬೈಕುಗಳು ಸಾಲಾಗಿ ನಿಂತಿವೆ. ಯಾರು ಇಟ್ಟರು, ಯಾರು ಒಯ್ದರು ಎಂಬ ಲೆಕ್ಕ ಅಲ್ಲಿಲ್ಲ ಎಂದರ್ಥ. ಕೀಲಿ ಕೊಟ್ಟು ಹೋಗಲು ಒತ್ತಾಯಿಸುತ್ತಾರೆ.

ಕೀಲಿಯ ಬಗ್ಗೆ ಎರಡು ಮಾತು. ಹೋಟೆಲಿನವರು ಕೀಲಿ ಪಡೆದು ತಾವೇ ನಿಲ್ಲಿಸಿದ ಕಾರು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ, "ಮಾಲೀಕರ ಹೊಣೆ" ಎಂದು ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ಕೈ ತೊಳೆದುಕೊಳ್ಳಲಾಗದು ಎಂದಿದೆ. ಅದು ಗಾಡಿಯನ್ನು ಅವರ ವಶಕ್ಕೆ ಒಪ್ಪಿಸಿದ ಸಂದರ್ಭದ ಮಾತು. ಕೀಲಿ ನಿಮ್ಮ ಜೇಬಿನಲ್ಲೇ ಇದ್ದು, ನೆಲಕ್ಕೆ ಮಾತ್ರ ಬಾಡಿಗೆ ಕೊಟ್ಟಾಗ ವಾದ ಅಷ್ಟು ಸುಲಭವಲ್ಲ. ಹಾಗೆಂದು ಸಾಮಾನ್ಯ ಪೇ ಪಾರ್ಕಿಂಗ್‌ನಲ್ಲಿ ಕೀಲಿ ಕೊಡುವುದು ಜಾಣತನವೂ ಅಲ್ಲ. ಕಳವಾದರೆ ವಿಮಾ ಕಂಪನಿ ಎರಡೂ ಕೀಲಿ ಕೇಳುತ್ತದೆ.

ಹಂತ 5: ಆ ಜಾಗದೊಳಗೆ ಸರಿಯಾದ ಮೂಲೆ

ಜಾಗ ಒಳ್ಳೆಯದಾದರೂ ನಿಲ್ಲಿಸಿದ ಮೂಲೆ ಸರಿಯಿಲ್ಲದೆ ಹಾಳಾಗುವ ಗಾಡಿಗಳೇ ಹೆಚ್ಚು.

ಮೊದಲು ಮೇಲೆ ನೋಡಿ. ತೆಂಗಿನ ಮರದ ಕೆಳಗೆ ಬೇಡವೇ ಬೇಡ. ಕಾಯಿ ಬಿದ್ದರೆ ಟ್ಯಾಂಕು, ಮಡಲು ಬಿದ್ದರೆ ಕನ್ನಡಿ ಮತ್ತು ಇಂಡಿಕೇಟರ್. ಗಾಳಿಮಳೆಯ ರಾತ್ರಿ ಒಣಮಡಲು ಉದುರುವುದು ಕರಾವಳಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ, ಆದರೂ ನೆರಳು ಕಂಡ ಕೂಡಲೇ ಎಲ್ಲರೂ ಅಲ್ಲಿಗೇ ಗಾಡಿ ಒಯ್ಯುತ್ತಾರೆ. ಶೀಟಿನ ಮಾಡಿನ ಅಂಚಿನಡಿಯೂ ಬೇಡ, ನೀರೆಲ್ಲ ಸುರಿಯುವುದು ಅಲ್ಲಿಯೇ.

ನಂತರ ಕೆಳಗೆ ನೋಡಿ. ಗೋಡೆಯ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರದಲ್ಲಿದೆ? ಅದು ಹಿಂದಿನ ಮಳೆಯ ನೀರು ನಿಂತ ಮಟ್ಟ. ಗೆರೆ ಚಕ್ರದ ಅಚ್ಚಿಗಿಂತ ಮೇಲಿದ್ದರೆ ಮಳೆಗಾಲದಲ್ಲಿ ಆ ಜಾಗ ಬಿಡಿ. ಕೊಟ್ಟಾರ ಚೌಕಿ, ಪಂಪ್‌ವೆಲ್ ಮೇಲ್ಸೇತುವೆಯಡಿ, ಪಡೀಲ್ ರೈಲ್ವೆ ಕೆಳಸೇತುವೆ ಇವೆಲ್ಲ ನೀರು ನಿಲ್ಲುವುದಕ್ಕೆ ಹೆಸರಾದ ಕಡೆಗಳು. ನೆಲಮಾಳಿಗೆಯಾದರೆ ಇಳಿಜಾರಿನ ಕೊನೆಯಲ್ಲಿ, ಚರಂಡಿಯ ಜಾಲರಿಯ ಹತ್ತಿರ ಇಡಬೇಡಿ. ನೀರು ಸೈಲೆನ್ಸರಿನ ಬಾಯಿಯವರೆಗೆ ಬಂದಿದ್ದ ಗಾಡಿಯನ್ನು ಬೆಳಿಗ್ಗೆ ಬಂದು ಸ್ಟಾರ್ಟ್ ಮಾಡಿದರೆ, ಒಳಗೆ ನೀರು ಸೇರಿದ್ದಲ್ಲಿ ಎಂಜಿನ್ ಕೆಲಸ ಕಟ್ಟಿಟ್ಟದ್ದು. ಅಂಥ ಗಾಡಿಯನ್ನು ಸೆಲ್ಫ್ ಒತ್ತದೆ ಗ್ಯಾರೇಜಿಗೆ ತಳ್ಳಿಕೊಂಡೇ ಹೋಗಬೇಕು.

ಕೆಂಪು ಮಣ್ಣಿನ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಸಂಜೆ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ. ರಾತ್ರಿ ಮಳೆ ಬಂದರೆ ಮೆಲ್ಲಗೆ ಹೂತು, ಒಂದು ಬೈಕ್ ಬಿದ್ದು ಸಾಲಿನಲ್ಲಿದ್ದ ಐದನ್ನು ಮಲಗಿಸುತ್ತದೆ. ಸೆಂಟರ್ ಸ್ಟ್ಯಾಂಡ್ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಮರದ ತುಂಡು ಅಡಿಗಿಡಿ, ಫಸ್ಟ್ ಗೇರಿನಲ್ಲಿ ಬಿಡಿ. ಸಾಲಿನ ತುದಿಯಲ್ಲಿ ನಿಲ್ಲಿಸಬೇಡಿ, ತಿರುಗಿಸುವ ಕಾರುಗಳು ಸವರಿಕೊಂಡು ಹೋಗುವುದು ತುದಿಯ ಗಾಡಿಯನ್ನೇ. ಗೋಡೆಗೆ ಹಿಂಚಕ್ರ ಮಾಡಿ, ಬೆಳಕು ಬೀಳುವ, ಕಾವಲಿನವರ ಕುರ್ಚಿಯಿಂದ ಕಾಣುವ ಮಧ್ಯದ ಜಾಗ ಕೇಳಿ.

ಬಂದರು, ದಕ್ಕೆ ಕಡೆ ಇಡುವವರಿಗೆ ಎರಡು ಹೆಚ್ಚಿನ ತೊಂದರೆ. ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ರಿಮ್, ಚೈನ್, ಡಿಸ್ಕ್ ಮೂರನ್ನೂ ತಿನ್ನುತ್ತದೆ. ಗೋದಾಮುಗಳ ಇಲಿ ಹೆಗ್ಗಣಗಳು ಸೀಟಿನಡಿಯ ವೈರು ಕಡಿಯುತ್ತವೆ. ಸೀಟಿನಡಿ ತಿಂಡಿ ಪೊಟ್ಟಣ, ಎಣ್ಣೆ ಬಟ್ಟೆ ಇಟ್ಟು ಹೋಗಬೇಡಿ.

ಹಂತ 6: ಬೀಗ

ಮೊದಲು ಹ್ಯಾಂಡಲ್ ಲಾಕ್, ನಂತರ ಡಿಸ್ಕ್ ಲಾಕ್. ಡಿಸ್ಕ್ ಲಾಕನ್ನು ಕ್ಯಾಲಿಪರ್‌ನ (ತಟ್ಟೆಯನ್ನು ಹಿಡಿಯುವ ಬ್ರೇಕಿನ ಭಾಗ) ಹಿಂದುಗಡೆ ತಾಗಿದಂತೆ ಹಾಕಿದರೆ ಚಕ್ರ ಸ್ವಲ್ಪವೂ ತಿರುಗದು, ಹೊರಡುವಾಗ ಮರೆತರೂ ಮೊದಲ ಅಂಗುಲದಲ್ಲೇ ತಿಳಿಯುತ್ತದೆ. ದೂರ ಹಾಕಿದರೆ ಚಕ್ರ ಅರ್ಧ ಸುತ್ತು ತಿರುಗಿ, ವೇಗ ಪಡೆದು, ಕ್ಯಾಲಿಪರಿಗೆ ಬಡಿದು ನಿಮ್ಮನ್ನೂ ಕೆಡವುತ್ತದೆ. ಬಣ್ಣದ ತಂತಿ ಇರುವುದು ಇದನ್ನು ನೆನಪಿಸಲಿಕ್ಕೆ.

ಸರಪಳಿಯಿದ್ದರೆ ಹಿಂಚಕ್ರ ಮತ್ತು ಚಾಸಿಸ್ ಒಳಗೊಂಡಂತೆ ಕಂಬಕ್ಕೆ ಕಟ್ಟಿ. ಸರಪಳಿ ನೆಲಕ್ಕೆ ತಾಗಬಾರದು. ನೆಲದ ಮೇಲಿದ್ದರೆ ಅದನ್ನು ಬಡಿದು ಒಡೆಯುವುದು ಸುಲಭ. ಡಿಸ್ಕ್ ಇಲ್ಲದ ಸ್ಕೂಟರಿಗೆ ಸರಪಳಿಯೇ ಗತಿ.

ಕೆಲವು ಕಡೆ ಸಿಬ್ಬಂದಿ "ಲಾಕ್ ಹಾಕ್ಬೇಡಿ, ಗಾಡಿ ಸರಿಸ್ಲಿಕ್ಕೆ ಉಂಟು" ಎನ್ನುತ್ತಾರೆ. ಹಗಲಿಗೆ ಅದು ಸರಿ. ರಾತ್ರಿಗೆ ಒಪ್ಪಬೇಡಿ, "ಮೂರು ದಿನ ತೆಗೆಯುವುದಿಲ್ಲ, ಹಿಂದಿನ ಸಾಲಿನಲ್ಲಿ ಇಡ್ತೇನೆ" ಎಂದು ಹೇಳಿ ಒಳಸಾಲು ಪಡೆಯಿರಿ. ಲಾಕ್ ಹಾಕಿದ ಗಾಡಿ ಮುಂಸಾಲಿನಲ್ಲಿದ್ದರೆ ಎತ್ತಿ ಎಳೆದು ಪಕ್ಕಕ್ಕೆ ಹಾಕುತ್ತಾರೆ, ಗೀರು ನಿಮ್ಮದು.

ಹಂತ 7: ಚೀಟಿ ಮತ್ತು ಫೋಟೋ

ಚೀಟಿಯಲ್ಲಿ ನಾಲ್ಕು ಇರಬೇಕು: ಪೂರ್ತಿ ನೋಂದಣಿ ಸಂಖ್ಯೆ, ತಾರೀಖು, ಇಟ್ಟ ಗಂಟೆ, ಪಡೆದ ಮುಂಗಡ. ಕೊನೆಯ ನಾಲ್ಕು ಅಂಕಿ ಮಾತ್ರ ಬರೆದು ಕೊಟ್ಟರೆ "ಕೆಎ 19" ಮತ್ತು ನಡುವಿನ ಅಕ್ಷರಗಳನ್ನೂ ಸೇರಿಸಿಸಿಕೊಳ್ಳಿ. ಗಂಟೆ ಬರೆಯದ ಚೀಟಿಯೇ ಜಗಳದ ಮೂಲ. ನೀವು ಒಂಬತ್ತಕ್ಕೆ ಇಟ್ಟೆ ಎನ್ನುತ್ತೀರಿ, ಬೆಳಗಿನ ಪಾಳಿಯವರು ಮಧ್ಯಾಹ್ನವೇ ಇಟ್ಟಿದ್ದೀರಿ ಎನ್ನುತ್ತಾರೆ.

ಅಲ್ಲೇ ನಿಂತು ಐದು ಫೋಟೋ ತೆಗೆಯಿರಿ: ಚೀಟಿ, ದರದ ಬೋರ್ಡ್, ನಂಬರ್ ಪ್ಲೇಟ್ ಕಾಣುವಂತೆ ಹಿಂದಿನಿಂದ ಗಾಡಿ, ಎರಡೂ ಕನ್ನಡಿ ಕಾಣುವಂತೆ ಮುಂದಿನಿಂದ, ಮತ್ತು ಕಿಲೋಮೀಟರ್ ಹಾಗೂ ಪೆಟ್ರೋಲ್ ಮುಳ್ಳು ಕಾಣುವ ಮೀಟರ್. ಚೀಟಿಯ ಕಾಗದ ಬೆವರಿಗೆ, ಮಳೆಗೆ ಅಳಿಸಿಹೋಗುತ್ತದೆ, ಫೋಟೋ ಉಳಿಯುತ್ತದೆ. ಹೆಲ್ಮೆಟ್ ಕನ್ನಡಿಗೆ ನೇತುಹಾಕಿ ಹೋಗಬೇಡಿ. ಹೆಲ್ಮೆಟ್ ಲಾಕ್ ಇದ್ದರೂ ಪಟ್ಟಿ ಕತ್ತರಿಸಿದರೆ ಮುಗಿಯಿತು, ಮಳೆಗಾಲದಲ್ಲಿ ಒಳಗೆಲ್ಲ ಬೂಷ್ಟು.

ಹಂತ 8: ಎರಡು ರಾತ್ರಿಗಿಂತ ಹೆಚ್ಚಾದರೆ

ಒದ್ದೆ ಗಾಡಿಗೆ ಕವರ್ ಹಾಕಬೇಡಿ. ಒಳಗಿನ ತೇವ ಹೊರಹೋಗದೆ ಬೆವರಿ, ಸೀಟು ಬೂಷ್ಟು ಹಿಡಿದು, ಸ್ವಿಚ್ಚಿನೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಬಟ್ಟೆಯಿಂದ ಒರೆಸಿ, ಸೈಲೆನ್ಸರ್ ಆರಿದ ಮೇಲೆಯೇ ಕವರ್. ಅದನ್ನು ಕೆಳಗಿನಿಂದ ಹಗ್ಗ ಹಾಕಿ ಕಟ್ಟಿ, ಇಲ್ಲವಾದರೆ ಗಾಳಿಗೆ ಹಾಯಿಯಂತೆ ಉಬ್ಬಿ ಗಾಡಿಯನ್ನೇ ಉರುಳಿಸುತ್ತದೆ.

ಚೈನಿಗೆ ಎಣ್ಣೆ ಹಾಕಿಯೇ ಇಡಿ. ಹಳೆಯ ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲಿನ ನಲ್ಲಿಯನ್ನು ಬಂದ್ ಮಾಡಿ. ವಾರ ಮೀರುವುದಾದರೆ ಟ್ಯಾಂಕ್ ತುಂಬಿಸಿ ಇಡುವುದೇ ಮೇಲು, ಖಾಲಿ ಟ್ಯಾಂಕಿನೊಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಕದಿಯುವ ಭಯವಿರುವ ಜಾಗದಲ್ಲಿ ತುಂಬಿಸುವುದು ಹೇಗೆ ಎಂದು ಕೇಳುವುದಾದರೆ, ಅಂಥ ಜಾಗದಲ್ಲಿ ವಾರಗಟ್ಟಲೆ ಇಡುವುದೇ ತಪ್ಪು. ಎಲೆಕ್ಟ್ರಿಕ್ ಸ್ಕೂಟರ್‌ನವರು ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವಾಗ ಇಡಿ. ಪೂರ್ತಿ ಇಳಿದ ಬ್ಯಾಟರಿಯನ್ನು ದಿನಗಟ್ಟಲೆ ಬಿಡಬಾರದು.

ಹಂತ 9: ಮರಳಿ ಬಂದಾಗ

ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಚೀಟಿ ಕೊಟ್ಟು ಹೊರಟುಬಿಡುವುದು ಸಾಮಾನ್ಯ ತಪ್ಪು. ಹಣ ಕೊಡುವ ಮೊದಲು ಗಾಡಿ ನೋಡಿ: ಕನ್ನಡಿ, ಇಂಡಿಕೇಟರ್, ಲಿವರ್, ಎರಡೂ ಟೈರು, ಕಿಲೋಮೀಟರ್. ಏನಾದರೂ ಆಗಿದ್ದರೆ ಗೇಟಿನೊಳಗೇ ಹೇಳಬೇಕು. ಹೊರಗೆ ಬಂದ ಮೇಲೆ ಯಾರೂ ಕೇಳುವುದಿಲ್ಲ. ಡಿಸ್ಕ್ ಮೇಲೆ ಕಾಣುವ ಕೆಂಪು ತುಕ್ಕಿನ ಪೊರೆಗೆ ಗಾಬರಿ ಬೇಡ, ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಹಿಡಿದರೆ ಹೋಗುತ್ತದೆ. ಡ್ರಮ್ ಬ್ರೇಕ್ ಕಚ್ಚಿಕೊಂಡಿದ್ದರೆ ಗಾಡಿಯನ್ನು ಹಿಂದೆ ಮುಂದೆ ಆಡಿಸಿ ಬಿಡಿಸಿ, ಎಕ್ಸಿಲೇಟರ್ ಕೊಟ್ಟು ಎಳೆಯಬೇಡಿ.

ಚೀಟಿ ಕಳೆದಿದ್ದರೆ ಆರ್‌ಸಿ, ಗುರುತಿನ ಚೀಟಿ, ನೀವು ತೆಗೆದ ಫೋಟೋ ತೋರಿಸಿ. ಮೇಲ್ವಿಚಾರಕರು ಬರುವವರೆಗೆ ಕಾಯಿಸಬಹುದು. ಹಾಗೆ ಕಾಯಿಸುವವರೇ ನಂಬಿಕಸ್ಥರು. ಚೀಟಿಯಿಲ್ಲದೆ ಕೇಳಿದ ಕೂಡಲೇ ಗಾಡಿ ಬಿಟ್ಟುಕೊಡುವವರು ನಾಳೆ ನಿಮ್ಮ ಗಾಡಿಯನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ.

ತಿಂಗಳ ಲೆಕ್ಕ ಬೇಕಾದವರಿಗೆ

ಕೊಡಿಯಾಲ್‌ಬೈಲ್, ಫಳ್ನೀರ್, ಅತ್ತಾವರ ಕಡೆಯ ಪಿಜಿಗಳಲ್ಲಿ ಇದ್ದು ಬೈಕಿಗೆ ಮಾತ್ರ ಜಾಗವಿಲ್ಲದವರು ದಿನದ ಚೀಟಿಯಲ್ಲಿ ಹಣ ಕಳೆಯಬೇಡಿ. ಹತ್ತಿರದ ಹಳೆಯ ಹಂಚಿನ ಮನೆಗಳಿಗೆ ಕಂಪೌಂಡ್ ಇರುತ್ತದೆ, ಎಷ್ಟೋ ಕಡೆ ವಯಸ್ಸಾದವರಷ್ಟೇ ಇರುತ್ತಾರೆ. ಸಂಜೆ ಹೊತ್ತಿಗೆ ಹೋಗಿ, ಎಲ್ಲಿ ಕೆಲಸ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಮೊದಲೇ ಹೇಳಿ ಕೇಳಿ. ಅವರ ಚಿಂತೆ ಹಣದ್ದಲ್ಲ, ರಾತ್ರಿ ಹನ್ನೊಂದಕ್ಕೆ ಗೇಟಿನ ಸದ್ದು, ನಾಯಿ ಬೊಗಳುವುದು. ಗೇಟಿನಿಂದ ಎಂಜಿನ್ ಆಫ್ ಮಾಡಿ ತಳ್ಳಿಕೊಂಡು ಬರುತ್ತೇನೆ ಎಂಬ ಮಾತು ಬಾಡಿಗೆ ಚೌಕಾಸಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿ ಕೇಳುವುದಾದರೆ ವಾಚ್‌ಮನ್‌ಗೆ ಕೈಬಿಸಿ ಮಾಡಿ ಒಳಗಿಡುವುದು ಬೇಡ. ಅವರಿಗೆ ಆ ಅಧಿಕಾರವಿಲ್ಲ. ಸಂಘದವರು ನೋಡಿದ ದಿನ ಚಕ್ರಕ್ಕೆ ಬೀಗ ಬೀಳುತ್ತದೆ, ವಾಚ್‌ಮನ್ ಕೆಲಸವೂ ಹೋಗುತ್ತದೆ. ಜಾಗದ ಹಕ್ಕಿರುವ ಫ್ಲ್ಯಾಟ್ ಮಾಲೀಕರು ಮತ್ತು ಸಂಘದ ಕಾರ್ಯದರ್ಶಿ, ಇಬ್ಬರ ಒಪ್ಪಿಗೆಯೂ ಬೇಕು. ಗಾಡಿ ಸಂಖ್ಯೆ, ತಿಂಗಳ ಬಾಡಿಗೆ, ಬಿಡುವ ಮುನ್ನ ಎಷ್ಟು ದಿನದ ಸೂಚನೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಪಡೆಯಿರಿ, ಬಾಡಿಗೆಯನ್ನು ಫೋನಿನಲ್ಲೇ ಕಳಿಸಿ.

ಇಟ್ಟ ಜಾಗದಲ್ಲಿ ಗಾಡಿ ಇಲ್ಲದಿದ್ದರೆ

ಕಳವು ಎಂದು ತೀರ್ಮಾನಿಸುವ ಮೊದಲು ಎರಡು ಕಡೆ ವಿಚಾರಿಸಿ. ಪೇ ಪಾರ್ಕಿಂಗ್ ಆದರೆ ಸಿಬ್ಬಂದಿ ಬೇರೆ ಸಾಲಿಗೆ ಸರಿಸಿದ್ದಾರೆಯೇ ಎಂದು. ರಸ್ತೆಬದಿಯಾದರೆ ಆ ಭಾಗದ ಸಂಚಾರ ಠಾಣೆಯಲ್ಲಿ; ನಗರದಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಸಂಚಾರ ಠಾಣೆಗಳು ಬೇರೆ ಬೇರೆ. ಎಳೆದೊಯ್ದಿದ್ದರೆ ದಂಡಕ್ಕೆ ರಸೀದಿ ಪಡೆದೇ ಹಣ ಕೊಡಿ, ಗೀರುಗಳಿದ್ದರೆ ಅಲ್ಲೇ ಫೋಟೋ ತೆಗೆಯಿರಿ.

ಎರಡೂ ಕಡೆ ಇಲ್ಲವಾದರೆ ತಡಮಾಡದೆ 112ಕ್ಕೆ ಕರೆ ಮಾಡಿ, ಆಮೇಲೆ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ವ್ಯಾಪ್ತಿ ನಮ್ಮದಲ್ಲ ಎಂದು ಹಿಂದೆ ಕಳಿಸುವಂತಿಲ್ಲ. ಚೀಟಿಯ ಫೋಟೋ, ಗಾಡಿಯ ಫೋಟೋ ಕೊಡಿ. ಆವರಣದ ಕ್ಯಾಮೆರಾ ದೃಶ್ಯ ಉಳಿಸಿಡುವಂತೆ ಪಾರ್ಕಿಂಗ್‌ನವರಿಗೆ ಬರವಣಿಗೆಯಲ್ಲಿ ಕೇಳಿ, ಕೆಲವು ದಿನಗಳಲ್ಲಿ ಹಳೆಯ ದೃಶ್ಯಗಳ ಮೇಲೆ ಹೊಸದು ದಾಖಲಾಗುತ್ತದೆ.

ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಇಲ್ಲಿ ಬಹಳ ಮಂದಿಗೆ ಆಘಾತ ಕಾದಿರುತ್ತದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ) ಕಡ್ಡಾಯ, ಹಾಗಾಗಿ "ಐದು ವರ್ಷಕ್ಕೆ ಇನ್ಶೂರೆನ್ಸ್ ಉಂಟು" ಎಂದು ನೆಮ್ಮದಿಯಿಂದಿರುತ್ತಾರೆ. ಆದರೆ ಕಳವಿಗೆ ಪರಿಹಾರ ಕೊಡುವುದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ನಷ್ಟದ ಭಾಗ. ಈಚಿನ ವರ್ಷಗಳಲ್ಲಿ ಕೊಂಡ ಗಾಡಿಗಳಿಗೆ ಅದು ಸಾಮಾನ್ಯವಾಗಿ ಒಂದೇ ವರ್ಷದ್ದು, ಆಮೇಲೆ ಪ್ರತಿ ವರ್ಷ ಬೇರೆಯಾಗಿ ನವೀಕರಿಸಬೇಕು. ಪಾಲಿಸಿ ಕಾಗದದಲ್ಲಿ ಎರಡು ಮುಕ್ತಾಯದ ತಾರೀಖುಗಳಿರುತ್ತವೆ, ಎರಡನ್ನೂ ಇವತ್ತೇ ನೋಡಿಡಿ. ಪೊಲೀಸರು ಗಾಡಿ ಪತ್ತೆಯಾಗಿಲ್ಲ ಎಂದು ಕೊಡುವ ಸಿ ರಿಪೋರ್ಟ್, ಎಫ್‌ಐಆರ್, ಆರ್‌ಸಿ ಮತ್ತು ಎರಡೂ ಕೀಲಿಗಳನ್ನು ಕೇಳುತ್ತಾರೆ. ಎರಡನೇ ಕೀಲಿ ಮನೆಯಲ್ಲಿ ಎಲ್ಲಿದೆ ಎಂಬುದನ್ನು ಬೈಕ್ ಇಡುವ ಮೊದಲೇ ಹುಡುಕಿಟ್ಟುಕೊಳ್ಳಿ. ಅದು ಸೀಟಿನಡಿಯ ಟೂಲ್ ಚೀಲದಲ್ಲೇ ಇದ್ದರೆ ಈಗಲೇ ಹೊರಗೆ ತೆಗೆಯಿರಿ.